ಪೇಟೆ ಧಾರಣೆಯಿಂದ ಮಳೆ ಲೆಕ್ಕದವರೆಗೆ: ಡ್ಯಾಶ್‌ಬೋರ್ಡ್‌ಗೆ ಯಾವ ಸಾಧನ ಆರಿಸಬೇಕು?

ದಾವಣಗೆರೆ ಪೇಟೆಯಲ್ಲಿ ಇವತ್ತು ಮೆಕ್ಕೆಜೋಳದ ಧಾರಣೆ ಎಷ್ಟು ಎಂಬುದನ್ನು ಬಾಗಿಲ ಪಕ್ಕದ ಕರಿಹಲಗೆಯ ಮೇಲೂ ಬರೆದಿಡಬಹುದು. ಅದನ್ನು ಓದಿದವರು ‘ಹೋದ ವರ್ಷ ಇದೇ ವಾರ ಎಷ್ಟಿತ್ತು, ಆಗ ಆವಕ ಎಷ್ಟು ಬಂದಿತ್ತು’ ಎಂದು ಮತ್ತೆ ಕೇಳುತ್ತಾರಲ್ಲ, ಅದಕ್ಕೆ ಅದೇ ಪರದೆಯಲ್ಲಿ ಉತ್ತರ ಸಿಗಬೇಕು ಎಂದಾಗ ಡ್ಯಾಶ್‌ಬೋರ್ಡ್‌ಗೆ (ಅಂಕಿಗಳನ್ನು ಒಂದೇ ಪರದೆಯಲ್ಲಿ ತೋರಿಸುವ ಪುಟಕ್ಕೆ) ಆಯ್ಕೆಯ ಪಟ್ಟಿ, ಒತ್ತಿದರೆ ತೆರೆದುಕೊಳ್ಳುವ ಚಾರ್ಟು ಬೇಕಾಗುತ್ತವೆ. ಸಾಧನ ಆರಿಸುವುದಕ್ಕೂ ಇದೇ ಅಳತೆ ಸಾಕು. ಎರಡನೇ ಪ್ರಶ್ನೆ ಕೇಳುವವರು ಯಾರು, ಅವರ ಕೈಯಲ್ಲಿರುವುದು ಫೋನೋ ಕಂಪ್ಯೂಟರೋ, ಉತ್ತರ ಎಷ್ಟು ತಾಜಾ ಇರಬೇಕು ಎಂಬ ಮೂರು ತಿಳಿದರೆ ಮುಕ್ಕಾಲು ಪಾಲು ತೀರ್ಮಾನ ಆದಂತೆ.

ಅವಸರದಲ್ಲಿರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ. ಒಂದೇ ಕಚೇರಿಯಲ್ಲಿ, ಒಂದೆರಡು ಕಂಪ್ಯೂಟರಿನಲ್ಲಿ ನೋಡುವ ಲೆಕ್ಕವಾದರೆ ಎಕ್ಸೆಲ್. ಲಿಂಕ್ ಕಳಿಸಿ ಹತ್ತಾರು ಜನ ಫೋನಿನಲ್ಲಿ ನೋಡಬೇಕು, ಕೈಯಿಂದ ದುಡ್ಡು ಹೋಗಬಾರದು ಎಂದರೆ ಗೂಗಲ್ ಶೀಟ್ಸ್ ಮೇಲೆ ಗೂಗಲ್‌ನದೇ ವರದಿ ಸಾಧನ ಲುಕರ್ ಸ್ಟುಡಿಯೋ. ಹಲವು ಟೇಬಲ್‌ಗಳನ್ನು ಜೋಡಿಸಬೇಕು, ಜಿಲ್ಲೆಯಿಂದ ತಾಲ್ಲೂಕು, ತಾಲ್ಲೂಕಿನಿಂದ ಹೋಬಳಿಗೆ ಇಳಿಯಬೇಕು, ಯಾರಿಗೆ ಯಾವುದು ಕಾಣಬೇಕೆಂಬ ಕಟ್ಟುಪಾಡು ಬೇಕು ಎಂದರೆ ಪವರ್ ಬಿಐ. ಸೆನ್ಸರ್‌ನಿಂದ ನಿಮಿಷ ನಿಮಿಷಕ್ಕೆ ಬರುವ ಅಂಕಿಗೆ ಗ್ರಫಾನಾ. ಈಗಾಗಲೇ ಡೇಟಾಬೇಸ್ ಇದ್ದು, ಅದನ್ನು ನೋಡಿಕೊಳ್ಳುವ ಒಬ್ಬರು ಇದ್ದರೆ ಮೆಟಾಬೇಸ್.

ಸಾಧನಕ್ಕಿಂತ ಮೊದಲು ಟೇಬಲ್

ಹೋಲಿಕೆಗೆ ಒಂದೇ ಮಾದರಿ ಇಟ್ಟುಕೊಳ್ಳೋಣ: ದಿನಾಂಕ, ಮಾರುಕಟ್ಟೆ, ತಾಲ್ಲೂಕು, ಉತ್ಪನ್ನ, ತಳಿ, ಆವಕ (ಕ್ವಿಂಟಾಲ್), ಕನಿಷ್ಠ ದರ, ಗರಿಷ್ಠ ದರ, ಮಾದರಿ ದರ (ಹೆಚ್ಚಿನ ಮಾಲು ಮಾರಾಟವಾದ ದರ). ಒಂದು ದಿನ, ಒಂದು ಮಾರುಕಟ್ಟೆ, ಒಂದು ತಳಿಗೆ ಒಂದು ಸಾಲು. ಜನವರಿಗೆ ಒಂದು ಕಾಲಂ, ಫೆಬ್ರವರಿಗೆ ಇನ್ನೊಂದು ಎಂದು ಅಡ್ಡಕ್ಕೆ ಹರಡಿದ ಶೀಟಿನ ಮೇಲೆ ಯಾವ ಸಾಧನದಲ್ಲೂ ಸರಿಯಾದ ಫಿಲ್ಟರ್ ಕೂರುವುದಿಲ್ಲ. ಒಂದಾಗಿ ಬೆಸೆದ (ಮರ್ಜ್ ಮಾಡಿದ) ಸೆಲ್‌ಗಳು, ನಡುವೆ ತೂರಿಸಿದ ‘ಒಟ್ಟು’ ಸಾಲುಗಳು, ಮೇಲಿನ ಎರಡು ಸಾಲಿನ ಶೀರ್ಷಿಕೆ ಇವೆಲ್ಲವನ್ನೂ ತೆಗೆಯಬೇಕು. ಚೀಲದ ಲೆಕ್ಕ ಮತ್ತು ಕ್ವಿಂಟಾಲ್ ಲೆಕ್ಕ ಒಂದೇ ಕಾಲಂನಲ್ಲಿ ಬೆರೆತಿದ್ದರೆ ಇಲ್ಲೇ ಬಿಡಿಸಿ. ಚಾರ್ಟಿಗೆ ಏರಿದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ.

ದಿನಾಂಕದ ಎಡವಟ್ಟು ಎಲ್ಲಕ್ಕಿಂತ ಹೆಚ್ಚು. ಕಂಪ್ಯೂಟರಿನ ಪ್ರದೇಶ ಅಮೆರಿಕ ಎಂದಿದ್ದರೆ 05-11-2024 ಎಂಬುದು ನವೆಂಬರ್ 5ರ ಬದಲು ಮೇ 11 ಆಗುತ್ತದೆ. 13ನೇ ತಾರೀಖಿನಿಂದಾಚೆಗಿನವು ದಿನಾಂಕವೇ ಆಗದೆ ಬರಿಯ ಅಕ್ಷರವಾಗಿ ಉಳಿದು, ಸೆಲ್‌ನ ಎಡಕ್ಕೆ ಅಂಟಿಕೊಳ್ಳುತ್ತವೆ. ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ರೋಗ ಇದೇ ಎಂದು ತಿಳಿಯಿರಿ. ಎಕ್ಸೆಲ್‌ನಲ್ಲಿ ಆಮದು ಮಾಡುವಾಗಲೇ ಅಂಕಿ ತರುವ ಸಾಧನವಾದ ಪವರ್ ಕ್ವೆರಿಯ ‘ಯೂಸಿಂಗ್ ಲೊಕೇಲ್’ ಆಯ್ಕೆಯಲ್ಲಿ ಇಂಗ್ಲಿಷ್ (ಇಂಡಿಯಾ) ಕೊಡಿ. ಗೂಗಲ್ ಶೀಟ್ಸ್‌ನಲ್ಲಿ ಫೈಲ್, ಸೆಟ್ಟಿಂಗ್ಸ್ ಒಳಗೆ ಲೊಕೇಲ್ ಅನ್ನು ಇಂಡಿಯಾ ಮಾಡಿ, ಆಮೇಲೆ ಅಂಕಿ ತುಂಬಿಸಿ.

ಇನ್ನೊಂದು ಸರಾಸರಿಯ ತಪ್ಪು. ಒಂದು ದಿನ 12,000 ಕ್ವಿಂಟಾಲ್ ಬಂದು ದರ 2,100 ಇತ್ತು, ಮರುದಿನ 300 ಕ್ವಿಂಟಾಲ್ ಬಂದು 2,400 ಇತ್ತು ಎಂದುಕೊಳ್ಳಿ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 2,250 ಬರುತ್ತದೆ. ಆವಕದ ತೂಕ ಸೇರಿಸಿದರೆ ಬರುವುದು ಸುಮಾರು 2,107. ಹೆಚ್ಚಿನ ರೈತರ ಕೈಗೆ ಹತ್ತಿರದ ಅಂಕಿ ಎರಡನೆಯದು. ಅದಕ್ಕಾಗಿ ‘ಮೌಲ್ಯ’ ಎಂಬ ಕಾಲಂ ಸೇರಿಸಿ ಆವಕವನ್ನು ಮಾದರಿ ದರದಿಂದ ಗುಣಿಸಿಡಿ. ಎಲ್ಲ ಸಾಧನಗಳಲ್ಲೂ ಮೌಲ್ಯದ ಮೊತ್ತವನ್ನು ಆವಕದ ಮೊತ್ತದಿಂದ ಭಾಗಿಸಿ. ಹೀಗೆ ಮಾಡಿದರೆ ಓದುಗ ವಾರ, ತಿಂಗಳು, ವರ್ಷ ಯಾವುದನ್ನು ಆರಿಸಿದರೂ ಸರಾಸರಿ ಸರಿಯಾಗೇ ಬರುತ್ತದೆ.

ಎಕ್ಸೆಲ್

ಸಾಲುಗಳನ್ನು ಗುಂಪು ಮಾಡಿ ಮೊತ್ತ ಕೊಡುವ ಪಿವಟ್ ಟೇಬಲ್, ಅದರ ಮೇಲೆ ನಿಲ್ಲುವ ಪಿವಟ್ ಚಾರ್ಟ್, ಒತ್ತಿ ಆರಿಸುವ ಬಟನ್‌ಗಳ ಸ್ಲೈಸರ್ ಈ ಮೂರು ಸೇರಿದರೆ ಎಕ್ಸೆಲ್ ಒಳ್ಳೆಯ ಡ್ಯಾಶ್‌ಬೋರ್ಡ್ ಆಗುತ್ತದೆ. ಸ್ಲೈಸರ್ 2010ರ ಆವೃತ್ತಿಯಿಂದ ಇದೆ. ದಿನಾಂಕಕ್ಕೆ ಎಳೆದು ಆರಿಸುವ ಟೈಮ್‌ಲೈನ್ 2013ರಿಂದ. ಒಂದು ಶೀಟಿನಲ್ಲಿ 10,48,576 ಸಾಲು ಹಿಡಿಸುತ್ತದೆ. ಒಂದು ಮಾರುಕಟ್ಟೆಯ ದಿನವಹಿ ಲೆಕ್ಕ ಆ ಮಿತಿ ಮುಟ್ಟುವುದೇ ಇಲ್ಲ.

ಮೂಲ ಅಂಕಿಯ ಒಳಗೆ ನಿಂತು ಕಂಟ್ರೋಲ್ ಜೊತೆ ಟಿ ಒತ್ತಿ ಅದನ್ನು ಟೇಬಲ್ ಮಾಡಿಕೊಳ್ಳಿ. ನಾಳೆ ಸೇರಿಸುವ ಸಾಲುಗಳು ಆಗ ರಿಫ್ರೆಶ್ ಮಾಡಿದ ಕೂಡಲೇ ಲೆಕ್ಕಕ್ಕೆ ಸೇರುತ್ತವೆ. ಮೊದಲ ಪಿವಟ್ ಮಾಡಿ, ಎರಡನೆಯದನ್ನು ಹೊಸದಾಗಿ ಹಾಕುವ ಬದಲು ಮೊದಲನೆಯದನ್ನೇ ನಕಲು ಮಾಡಿ ಅಂಟಿಸಿ ಬದಲಿಸಿಕೊಳ್ಳಿ. ಒಂದು ಸ್ಲೈಸರ್ ಹಲವು ಪಿವಟ್‌ಗಳನ್ನು ಒಟ್ಟಿಗೆ ಕುಣಿಸಬೇಕಾದರೆ ಅವೆಲ್ಲವೂ ಒಂದೇ ಪಿವಟ್ ಕ್ಯಾಶ್ (ಎಕ್ಸೆಲ್ ಒಳಗೆ ಇಟ್ಟುಕೊಳ್ಳುವ ಮೂಲ ಅಂಕಿಯ ನಕಲು) ಹಂಚಿಕೊಂಡಿರಬೇಕು. ನಕಲು ಮಾಡಿದರೆ ಅದು ಖಚಿತ. ಬಳಿಕ ಸ್ಲೈಸರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರಿಪೋರ್ಟ್ ಕನೆಕ್ಷನ್ಸ್’ನಲ್ಲಿ ಎಲ್ಲ ಪಿವಟ್‌ಗೂ ಗುರುತು ಹಾಕಿ. ತೂಕದ ಸರಾಸರಿಗೆ ‘ಕ್ಯಾಲ್ಕ್ಯುಲೇಟೆಡ್ ಫೀಲ್ಡ್’ ಹಾಕಿ ಮೌಲ್ಯ ಭಾಗಿಸು ಆವಕ ಎಂದು ಕೊಟ್ಟರೆ ಸಾಕು. ಅದು ಮೊದಲು ಮೊತ್ತ ಮಾಡಿ ಆಮೇಲೆ ಭಾಗಿಸುವುದರಿಂದ ಉತ್ತರ ತಾನಾಗಿ ಸರಿಬರುತ್ತದೆ.

ಅಳಿಸಿದ ಹೆಸರುಗಳು ಸ್ಲೈಸರ್‌ನಲ್ಲಿ ಹಾಗೇ ಉಳಿದು ಕಾಡುವುದುಂಟು. ಸ್ಲೈಸರ್ ಸೆಟ್ಟಿಂಗ್ಸ್‌ನಲ್ಲಿ, ಮೂಲದಿಂದ ಅಳಿಸಿದವನ್ನು ತೋರಿಸುವ ಗುರುತು ತೆಗೆಯಿರಿ. ಹೊಸ ಅಂಕಿ ಪಿವಟ್‌ನಲ್ಲಿ ಕಾಣದಿದ್ದರೆ ಡೇಟಾ ಟ್ಯಾಬಿನ ‘ರಿಫ್ರೆಶ್ ಆಲ್’ ಮರೆತಿದ್ದೀರಿ ಎಂದರ್ಥ. ಹಲವು ಆವೃತ್ತಿಗಳಲ್ಲಿ ಅದು ತಾನಾಗಿ ಆಗುವುದಿಲ್ಲ, ಆದರೆ ಪಿವಟ್ ಆಪ್ಷನ್ಸ್‌ನಲ್ಲಿ ಫೈಲ್ ತೆರೆದಾಗ ರಿಫ್ರೆಶ್ ಆಗುವಂತೆ ಹೇಳಬಹುದು.

ಲಕ್ಷ, ಕೋಟಿಯ ಅಲ್ಪವಿರಾಮಕ್ಕೆ ಕಸ್ಟಮ್ ಫಾರ್ಮ್ಯಾಟ್‌ನಲ್ಲಿ ಇದನ್ನು ಹಾಕಿ:

[>=10000000]##\,##\,##\,##0;[>=100000]##\,##\,##0;##,##0

ಋಣ ಸಂಖ್ಯೆಗಳು ಮೂರನೇ ಭಾಗಕ್ಕೆ ಬೀಳುವುದರಿಂದ ಅವಕ್ಕೆ ಮಾತ್ರ ಈ ಲಕ್ಷ, ಕೋಟಿಯ ಅಲ್ಪವಿರಾಮ ಬರುವುದಿಲ್ಲ. ನಷ್ಟದ ಕಾಲಂ ಇದ್ದರೆ ವಿಂಡೋಸ್‌ನ ಪ್ರದೇಶವನ್ನೇ ಭಾರತ ಮಾಡಿಕೊಳ್ಳುವುದು ಸುಲಭ.

ಎಕ್ಸೆಲ್ ಸೋಲುವುದು ಹಂಚುವ ಹೊತ್ತಿಗೆ. ವಾಟ್ಸಾಪ್‌ನಲ್ಲಿ ಕಳಿಸಿದ ಫೈಲನ್ನು ಫೋನಿನ ಸಾಮಾನ್ಯ ವ್ಯೂವರ್ ತೆರೆದರೆ ಸ್ಲೈಸರ್ ಒತ್ತಲು ಬರುವುದಿಲ್ಲ, ಚಾರ್ಟುಗಳೂ ಚೆಲ್ಲಾಪಿಲ್ಲಿ. ಜೊತೆಗೆ ಒಂದು ಅಪಾಯವಿದೆ: ಪಿವಟ್ ಇರುವ ಫೈಲಿನೊಳಗೆ ಮೂಲ ಅಂಕಿಯೂ ಅಡಗಿ ಕೂತಿರುತ್ತದೆ. ಶೀಟ್ ಅಳಿಸಿದ್ದರೂ, ಒಂದು ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅದರ ಹಿಂದಿನ ಸಾಲುಗಳೆಲ್ಲ ಹೊಸ ಶೀಟಿನಲ್ಲಿ ಹೊರಬರುತ್ತವೆ. ರೈತರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಇರುವ ಕಾಲಂಗಳನ್ನು ಪಿವಟ್ ಮಾಡುವ ಮೊದಲೇ ತೆಗೆದುಹಾಕಬೇಕು, ಮರೆಮಾಡಿದರೆ ಸಾಲದು.

ಲುಕರ್ ಸ್ಟುಡಿಯೋ

ಮೊದಲು ಡೇಟಾ ಸ್ಟುಡಿಯೋ ಎನ್ನುತ್ತಿದ್ದುದು 2022ರ ಅಕ್ಟೋಬರ್‌ನಲ್ಲಿ ಈ ಹೆಸರು ಪಡೆಯಿತು. ಇದರ ಮೂಲ ಆವೃತ್ತಿಗೆ ದುಡ್ಡಿಲ್ಲ. ನೋಡುವವರು ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಚಳ್ಳಕೆರೆಯಲ್ಲಿ ಶೇಂಗಾ ಲೆಕ್ಕ ತುಂಬುವವರು, ಹೊಳಲ್ಕೆರೆಯಲ್ಲಿ ಇನ್ನೊಬ್ಬರು ಒಂದೇ ಗೂಗಲ್ ಶೀಟಿಗೆ ಸಾಲು ಸೇರಿಸುತ್ತ ಹೋದರೆ ವರದಿ ತಾನಾಗಿ ಹೊಸದಾಗುತ್ತದೆ. ಶೀಟ್ಸ್ ಮೂಲಕ್ಕೆ ಡೇಟಾ ತಾಜಾತನ ಸಾಮಾನ್ಯವಾಗಿ 15 ನಿಮಿಷ. ಪೇಟೆಯ ದಿನವಹಿ ಲೆಕ್ಕಕ್ಕೆ ಇದು ಧಾರಾಳ.

ಇಲ್ಲಿನ ಪರಸ್ಪರ ಕ್ರಿಯೆಯ ಜೀವ ಕ್ರಾಸ್ ಫಿಲ್ಟರಿಂಗ್. ತಾಲ್ಲೂಕುಗಳ ಬಾರ್ ಚಾರ್ಟ್‌ನಲ್ಲಿ ‘ಜಗಳೂರು’ ಮೇಲೆ ಒತ್ತಿದರೆ ಪಕ್ಕದ ಗೆರೆ, ಕೆಳಗಿನ ಪಟ್ಟಿ ಎಲ್ಲ ಜಗಳೂರಿನದಾಗುತ್ತವೆ. ಚಾರ್ಟ್ ಆರಿಸಿ ಸೆಟಪ್ ಫಲಕದ ಕೆಳಭಾಗದಲ್ಲಿ ಅದರ ಗುರುತು ಇದೆಯೇ ನೋಡಿಕೊಳ್ಳಿ. ಒಂದು ಡ್ರಾಪ್‌ಡೌನ್ ಕಂಟ್ರೋಲ್ ಆ ಪುಟದಲ್ಲಿ ಅದೇ ಡೇಟಾ ಮೂಲದ ಎಲ್ಲ ಚಾರ್ಟ್‌ಗಳನ್ನೂ ಹಿಡಿಯುತ್ತದೆ. ಕೆಲವನ್ನು ಮಾತ್ರ ಹಿಡಿಯಬೇಕಾದರೆ ಕಂಟ್ರೋಲ್ ಮತ್ತು ಆ ಚಾರ್ಟ್‌ಗಳನ್ನು ಒಟ್ಟಿಗೆ ಆರಿಸಿ ‘ಗ್ರೂಪ್’ ಮಾಡಿ. ಎಲ್ಲ ಪುಟಕ್ಕೂ ಬೇಕಾದರೆ ಅದನ್ನು ‘ರಿಪೋರ್ಟ್ ಲೆವೆಲ್’ ಮಾಡಿ.

ಇದರಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಪೇಟೆಗೆ ರಜೆ ಇದ್ದ ದಿನ ಅಂಕಿ ಇರುವುದಿಲ್ಲ. ಟೈಮ್ ಸೀರೀಸ್ ಚಾರ್ಟು ಅದನ್ನು ಸೊನ್ನೆ ಎಂದು ಎಳೆದುಬಿಟ್ಟರೆ ಪ್ರತಿ ರಜೆಗೂ ಧಾರಣೆ ಪಾತಾಳಕ್ಕೆ ಬಿದ್ದು ಎದ್ದಂತೆ ಕಾಣುತ್ತದೆ. ಸ್ಟೈಲ್ ಫಲಕದ ‘ಮಿಸ್ಸಿಂಗ್ ಡೇಟಾ’ದಲ್ಲಿ ದರದ ಗೆರೆಗೆ ‘ಲೈನ್ ಬ್ರೇಕ್ಸ್’ ಕೊಡಿ. ಆವಕಕ್ಕೆ ಮಾತ್ರ ಸೊನ್ನೆಯೇ ಸರಿ, ಏಕೆಂದರೆ ಅಂದು ನಿಜವಾಗಿ ಏನೂ ಬಂದಿಲ್ಲ.

ಅಂಕಿಯ ಕಾಲಂನಲ್ಲಿ ಯಾರಾದರೂ ‘ರಜೆ’ ಎಂದೋ ಅಡ್ಡಗೆರೆಯನ್ನೋ ಬರೆದರೆ ಆ ಕಾಲಂ ಕೆಡುತ್ತದೆ; ಶೀಟ್ಸ್‌ನಲ್ಲೇ ಡೇಟಾ ವ್ಯಾಲಿಡೇಶನ್ ಹಾಕಿ ಅಂಕಿ ಬಿಟ್ಟು ಬೇರೇನೂ ಬರೆಯಲು ಬಿಡಬೇಡಿ. ಹೊಸ ಕಾಲಂ ಸೇರಿಸಿದಾಗ ಡೇಟಾ ಮೂಲಕ್ಕೆ ಹೋಗಿ ‘ರಿಫ್ರೆಶ್ ಫೀಲ್ಡ್ಸ್’ ಒತ್ತಬೇಕು. ಟೇಬಲ್‌ಗಳನ್ನು ಬೆಸೆಯುವ ಬ್ಲೆಂಡ್‌ಗೆ ಐದರ ಮಿತಿ ಇದೆ, ಅದು ನಿಧಾನ ಕೂಡ. ಜೋಡಣೆಯ ಕೆಲಸವನ್ನು ಶೀಟಿನಲ್ಲೇ ಮುಗಿಸಿ ಒಂದೇ ಟೇಬಲ್ ಕೊಡುವುದು ಜಾಣತನ.

ಪವರ್ ಬಿಐ

ಪವರ್ ಬಿಐ ಡೆಸ್ಕ್‌ಟಾಪ್ ಉಚಿತ, ಆದರೆ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಪ್ರಕಟಿಸಲು ಸಂಸ್ಥೆಯ ಅಥವಾ ಕಾಲೇಜಿನ ಇಮೇಲ್ ಬೇಕು, ಜಿಮೇಲ್ ನಡೆಯದು. ಮಾಡಿದ್ದನ್ನು ಖಾಸಗಿಯಾಗಿ ಹಂಚಬೇಕಾದರೆ ಮಾಡುವವರಿಗೂ ನೋಡುವವರಿಗೂ ಪ್ರೊ ಲೈಸೆನ್ಸ್ ಬೇಕು. ಅದರ ಅಮೆರಿಕದ ಪಟ್ಟಿ ದರ ತಿಂಗಳಿಗೆ ಒಬ್ಬರಿಗೆ 10 ಡಾಲರ್ ಇದ್ದದ್ದು 2025ರ ಏಪ್ರಿಲ್‌ನಿಂದ 14 ಡಾಲರ್ ಆಗಿದೆ. ಇಬ್ಬರು ನೋಡುವ ವರದಿಗೆ ಇದು ಸಣ್ಣ ಖರ್ಚು. ನಲವತ್ತು ಸದಸ್ಯರಿರುವ ಸಂಘಕ್ಕೆ ದೊಡ್ಡದು. ಈ ಲೆಕ್ಕವನ್ನು ಮೊದಲ ದಿನವೇ ಮಾಡಿ, ಕೆಲಸವೆಲ್ಲ ಮುಗಿದ ಮೇಲಲ್ಲ.

‘ಪಬ್ಲಿಶ್ ಟು ವೆಬ್’ ಎಂಬ ಉಚಿತ ದಾರಿ ಇದೆ. ಲಿಂಕ್ ಸಿಕ್ಕ ಯಾರು ಬೇಕಾದರೂ ಅದನ್ನು ನೋಡಬಹುದು, ವರದಿಯ ಹಿಂದಿನ ಅಂಕಿಗಳೂ ಹೊರಗಿನವರ ಕೈಗೆ ಸಿಗಬಹುದು. ಎಲ್ಲರಿಗೂ ತೆರೆದ ಮಳೆ ಲೆಕ್ಕ, ಧಾರಣೆಗಳಿಗೆ ತೊಂದರೆಯಿಲ್ಲ. ಸಾಲಗಾರರ ಪಟ್ಟಿಗೆ ಎಂದೂ ಬೇಡ.

ಇಷ್ಟಾದರೂ ಆಳಕ್ಕಿಳಿದು ನೋಡುವ ವಿಷಯದಲ್ಲಿ ಇದಕ್ಕೆ ಸಾಟಿ ಈ ಪಟ್ಟಿಯಲ್ಲಿ ಇನ್ನೊಂದಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ ಎಂದು ಒಂದು ಶ್ರೇಣಿ ಮಾಡಿ ಬಾರ್ ಚಾರ್ಟಿಗೆ ಹಾಕಿದರೆ ಒತ್ತುತ್ತ ಕೆಳಗಿಳಿಯಬಹುದು. ‘ಡ್ರಿಲ್‌ಥ್ರೂ’ ಪುಟ ಮಾಡಿದರೆ ಹಿರಿಯೂರು ಎಂದು ಆರಿಸಿದ ಕೂಡಲೇ ಹಿರಿಯೂರಿನದೇ ಪೂರ್ತಿ ಪುಟ ತೆರೆಯುತ್ತದೆ. ರೈಟ್ ಕ್ಲಿಕ್ ಹಿಂದೆ ಈ ಸೌಲಭ್ಯ ಅಡಗಿದ್ದರೆ ಯಾರಿಗೂ ಸಿಗುವುದಿಲ್ಲ, ಹಾಗಾಗಿ ಡ್ರಿಲ್‌ಥ್ರೂಗೆ ಕಣ್ಣಿಗೆ ಕಾಣುವ ಬಟನ್ ಇಡಿ. ಒಂದು ಚಾರ್ಟ್ ಒತ್ತಿದಾಗ ಉಳಿದವು ಏನು ಮಾಡಬೇಕೆಂಬುದನ್ನು ‘ಎಡಿಟ್ ಇಂಟರಾಕ್ಷನ್ಸ್’ನಲ್ಲಿ ನೀವೇ ನಿರ್ಧರಿಸಬೇಕು. ಸುಮ್ಮನೆ ಬಿಟ್ಟರೆ ಬಾರ್ ಚಾರ್ಟುಗಳು ಪೂರ್ತಿ ಬದಲಾಗದೆ ಒಂದು ಪಾಲನ್ನಷ್ಟೇ ಗಾಢ ಮಾಡಿ ತೋರಿಸುತ್ತವೆ; ಹೊಸಬರು ಅದನ್ನು ತಪ್ಪಾಗಿ ಓದುತ್ತಾರೆ. ಹೆಚ್ಚಿನ ಕಡೆ ‘ಫಿಲ್ಟರ್’ ಎಂದು ಬದಲಿಸಿ.

ತಿಂಗಳ ಹೆಸರು ಕನ್ನಡದಲ್ಲಿದ್ದರೆ ಅಕಾರಾದಿಯಾಗಿ ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ ಎಂದು ನಿಲ್ಲುತ್ತವೆ. ತಿಂಗಳ ಸಂಖ್ಯೆಯ ಇನ್ನೊಂದು ಕಾಲಂ ಇಟ್ಟು ‘ಸಾರ್ಟ್ ಬೈ ಕಾಲಂ’ ಮಾಡಿ. ಮಳೆ ಮತ್ತು ಜಲಾಶಯದ ಲೆಕ್ಕವಾದರೆ ಜೂನ್‌ಗೆ 1 ಎಂದು ಸಂಖ್ಯೆ ಕೊಡಿ, ಮುಂಗಾರು ಎಡದಿಂದ ಶುರುವಾಗಲಿ.

ಕಚೇರಿಯ ಕಂಪ್ಯೂಟರಿನಲ್ಲಿರುವ ಫೈಲಿನಿಂದ ಆನ್‌ಲೈನ್ ವರದಿ ತಾನಾಗಿ ರಿಫ್ರೆಶ್ ಆಗಲು ಗೇಟ್‌ವೇ ಎಂಬ ತಂತ್ರಾಂಶ ಬೇಕು, ಆ ಹೊತ್ತಿಗೆ ಆ ಕಂಪ್ಯೂಟರ್ ಚಾಲೂ ಇರಬೇಕು. ಪ್ರೊನಲ್ಲಿ ದಿನಕ್ಕೆ ಎಂಟು ನಿಗದಿತ ರಿಫ್ರೆಶ್. ಕರೆಂಟು ಹೋಗುವ ಸಮಯಕ್ಕೇ ರಿಫ್ರೆಶ್ ಇಟ್ಟರೆ ವರದಿ ನಿನ್ನೆಯಲ್ಲೇ ನಿಲ್ಲುತ್ತದೆ. ಫೈಲನ್ನು ಒನ್‌ಡ್ರೈವ್‌ನಲ್ಲಿಟ್ಟರೆ ಗೇಟ್‌ವೇ ರಗಳೆಯೇ ಇಲ್ಲ. ಯಾವ ಸಾಧನವಾದರೂ ಪುಟದ ಮೇಲ್ತುದಿಯಲ್ಲಿ ‘ಕೊನೆಯ ಅಂಕಿ ಇಂಥ ದಿನದ್ದು’ ಎಂದು ಕಾಣಿಸಿ. ದಿನಾಂಕ ಕಾಲಂನ ಕೊನೆಯ ದಿನಾಂಕವನ್ನು ಒಂದು ಕಾರ್ಡಿನಲ್ಲಿ ಹಾಕಿದರೆ ಅಷ್ಟೇ.

ಗ್ರಫಾನಾ, ಮೆಟಾಬೇಸ್

ಎರಡೂ ಮುಕ್ತ ತಂತ್ರಾಂಶ. ಕುಂದವಾಡ ಕೆರೆಯಂಥ ನೀರಿನ ಸಂಗ್ರಹಕ್ಕೆ ಮಟ್ಟದ ಸೆನ್ಸರ್ ಇಟ್ಟು ಅಂಕಿ ಹರಿದುಬರುತ್ತಿದ್ದರೆ ಗ್ರಫಾನಾ ಹೇಳಿ ಮಾಡಿಸಿದ್ದು. ಕೊನೆಯ 6 ಗಂಟೆ, ಕೊನೆಯ 7 ದಿನ ಎಂದು ಒಂದೇ ಒತ್ತಿಗೆ ಬದಲಾಗುತ್ತದೆ, ಮಿತಿ ದಾಟಿದರೆ ಎಚ್ಚರಿಕೆ ಕಳಿಸುತ್ತದೆ. ಸೆನ್ಸರ್ 15 ನಿಮಿಷಕ್ಕೊಮ್ಮೆ ಅಂಕಿ ಕೊಡುವಾಗ ಪರದೆಯನ್ನು 5 ಸೆಕೆಂಡಿಗೊಮ್ಮೆ ರಿಫ್ರೆಶ್ ಮಾಡುವುದು ಸರ್ವರ್‌ಗೆ ಬರಿಯ ಭಾರ. ಮೆಟಾಬೇಸ್‌ನಲ್ಲಿ ಅಂಕಿಯ ಮೇಲೆ ಒತ್ತಿದರೆ ಅದರ ಹಿಂದಿನ ದಾಖಲೆಗಳು ಬರುತ್ತವೆ, ಕೋಡ್ ಬರೆಯದವರೂ ಪ್ರಶ್ನೆ ಕೇಳಬಹುದು. ಇದನ್ನು ಹಾಕಿದಾಗ ಅದು ತನ್ನ ಸ್ವಂತ ಮಾಹಿತಿಯನ್ನು ಎಚ್2 ಎಂಬ ಒಳ ಫೈಲಿನಲ್ಲಿ ಇಡುತ್ತದೆ. ಪ್ರಯೋಗಕ್ಕೆ ಸರಿ, ನಿತ್ಯದ ಬಳಕೆಗೆ ಪೂರ್ಣ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ಗೆ ಬದಲಿಸದಿದ್ದರೆ ಒಂದು ದಿನ ಮಾಡಿಟ್ಟ ಡ್ಯಾಶ್‌ಬೋರ್ಡ್‌ಗಳೆಲ್ಲ ಹೋಗಿಬಿಡಬಹುದು.

ಫಿಲ್ಟರ್ ಎಷ್ಟು, ಯಾವುದು

ಪುಟಕ್ಕೆ ಮೂರು ಫಿಲ್ಟರ್ ಸಾಕು: ಅವಧಿ, ಸ್ಥಳ, ಉತ್ಪನ್ನ. ಹೆಚ್ಚಾದಷ್ಟೂ ‘ಅಂಕಿ ಇಲ್ಲ’ ಎಂಬ ಖಾಲಿ ಪರದೆಯ ಜೋಡಣೆಗಳೇ ಹೆಚ್ಚುತ್ತವೆ. ಎಲ್ಲ ಆಯ್ಕೆ ಅಳಿಸುವ ಬಟನ್ ಒಂದು ಇರಲೇಬೇಕು. ಪವರ್ ಬಿಐನಲ್ಲಿ ಅದಕ್ಕೆ ಸಿದ್ಧ ಬಟನ್ ಇದೆ, ಲುಕರ್ ಸ್ಟುಡಿಯೋದಲ್ಲಿ ‘ರೀಸೆಟ್’ ಇದೆ.

ಒಂದನ್ನೇ ಆರಿಸಬೇಕೋ, ಹಲವನ್ನು ಆರಿಸಲು ಬಿಡಬೇಕೋ ಎಂಬುದನ್ನು ಅಂಕಿಯೇ ಹೇಳುತ್ತದೆ. ಚನ್ನಗಿರಿ, ಭೀಮಸಮುದ್ರದ ಅಡಿಕೆಯಲ್ಲಿ ರಾಶಿ, ಬೆಟ್ಟೆ, ಕೆಂಪುಗೋಟು ಇವುಗಳ ದರದ ನಡುವೆ ಭಾರಿ ಅಂತರ. ಎಲ್ಲ ಸೇರಿಸಿದ ಸರಾಸರಿ ಯಾರ ಅಡಿಕೆಯ ದರವೂ ಅಲ್ಲ. ಇಲ್ಲಿ ‘ಸಿಂಗಲ್ ಸೆಲೆಕ್ಟ್’ ಮಾಡಿ, ಮೊದಲೇ ‘ರಾಶಿ’ ಆರಿಸಿಟ್ಟಿರಿ. ಆವಕ ಅಥವಾ ಮಳೆಯಾದರೆ ಹಲವು ತಾಲ್ಲೂಕು ಆರಿಸಲು ಬಿಡಬಹುದು.

ಫೋನಿನಲ್ಲಿ ಮೌಸ್ ಇಲ್ಲ, ಆದ್ದರಿಂದ ಮೇಲೆ ಹಾಯಿಸಿದರೆ ಮಾತ್ರ ಕಾಣುವ ಟೂಲ್‌ಟಿಪ್ ನಂಬಿ ಕೂರಬೇಡಿ. ಕೊನೆಯ ಬಿಂದುವಿನ ಅಂಕಿಯನ್ನು ಗೆರೆಯ ತುದಿಯಲ್ಲೇ ಬರೆಯಿರಿ. ಬೆರಳಿಗೆ ಸಿಗಬೇಕಾದರೆ ಬಟನ್ ಸುಮಾರು 9 ಮಿಲಿಮೀಟರ್ ಇರಬೇಕು. ಪವರ್ ಬಿಐನಲ್ಲಿ ‘ಮೊಬೈಲ್ ಲೇಔಟ್’ ಬೇರೆಯೇ ಜೋಡಿಸಿ. ಲುಕರ್ ಸ್ಟುಡಿಯೋದಲ್ಲಿ 360 ಪಿಕ್ಸೆಲ್ ಅಗಲದ ಉದ್ದನೆಯ ಪುಟ ಮಾಡಿ ಚಾರ್ಟ್‌ಗಳನ್ನು ಒಂದರ ಕೆಳಗೊಂದು ಇಡಿ.

ಕಣ್ಣಿಗೆ ಹಿಡಿಸುವುದು

ಬಣ್ಣ ಹೆಚ್ಚಿದಷ್ಟೂ ನೋಟ ಚದುರುತ್ತದೆ. ಆರಿಸಿದ ತಾಲ್ಲೂಕಿಗೆ ಒಂದು ಗಾಢ ಬಣ್ಣ, ಉಳಿದವಕ್ಕೆ ಬೂದು. ಏರಿಳಿತಕ್ಕೆ ಕೆಂಪು–ಹಸಿರು ಬದಲು ಕಿತ್ತಳೆ–ನೀಲಿ ಬಳಸಿ. ಕೆಂಪು–ಹಸಿರು ಬೇರೆ ಮಾಡಲಾಗದವರಿಗೂ ತಿಳಿಯುತ್ತದೆ. ದರ ಮತ್ತು ಆವಕವನ್ನು ಒಂದೇ ಚಾರ್ಟಿನ ಎಡ–ಬಲ ಅಕ್ಷಕ್ಕೆ ಹಾಕಬೇಡಿ. ಅಳತೆ ಬದಲಿಸಿದರೆ ಇಲ್ಲದ ಸಂಬಂಧವೂ ಕಾಣುತ್ತದೆ. ಎರಡು ಚಾರ್ಟ್ ಮಾಡಿ, ಒಂದರ ಕೆಳಗೊಂದು, ಒಂದೇ ದಿನಾಂಕದ ಅಕ್ಷಕ್ಕೆ ನಿಲ್ಲಿಸಿ. ದರದ ಚಾರ್ಟಿನಲ್ಲಿ ಬೆಂಬಲ ಬೆಲೆಯ ಅಡ್ಡಗೆರೆ ಎಳೆಯಿರಿ. ಮೆಕ್ಕೆಜೋಳಕ್ಕೆ 2024–25ರಲ್ಲಿ ಕ್ವಿಂಟಾಲಿಗೆ 2,225 ರೂಪಾಯಿ, 2025–26ರಲ್ಲಿ 2,400 ರೂಪಾಯಿ. ಆ ಒಂದು ಗೆರೆ ಬಂದರೆ ಚಾರ್ಟು ಮಾತಾಡತೊಡಗುತ್ತದೆ.

ಹೀಗೆ ಚಾರ್ಟಿನ ಮೇಲೇ ಬರೆಯುವ ಟಿಪ್ಪಣಿಗೆ ಅನಿಮೇಶನ್‌ಗಿಂತ ಹೆಚ್ಚು ಶಕ್ತಿ. ವಾಣಿವಿಲಾಸ ಸಾಗರದ ಮಟ್ಟದ ಗೆರೆಗೆ 130 ಅಡಿಯ ಪೂರ್ಣಮಟ್ಟ ತೋರಿಸಿ, 1933, 2022 ಮತ್ತು 2025ರಲ್ಲಿ ‘ಕೋಡಿ’ ಎಂದು ಗುರುತು ಹಾಕಿದರೆ ಚಿತ್ರದುರ್ಗದ ಯಾರೇ ಆದರೂ ನಿಂತು ನೋಡುತ್ತಾರೆ. ಅಡಿಯ ಜೊತೆ ಟಿಎಂಸಿಯನ್ನೂ ಕೊಡಿ. ಜಲಾಶಯ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಮೇಲಿನ ಹತ್ತು ಅಡಿಯಲ್ಲಿರುವ ನೀರು ತಳದ ಹತ್ತು ಅಡಿಗಿಂತ ಎಷ್ಟೋ ಹೆಚ್ಚು. ಮಟ್ಟದ ಗೆರೆ 60 ಅಡಿಯಿಂದ ಶುರುವಾದರೂ ಪರವಾಗಿಲ್ಲ. ಬಾರ್ ಚಾರ್ಟ್ ಮಾತ್ರ ಸೊನ್ನೆಯಿಂದಲೇ ಏಳಬೇಕು.

ನಕ್ಷೆ ಎಲ್ಲರಿಗೂ ಇಷ್ಟ, ಮೋಸವೂ ಅದರಲ್ಲೇ. ಒಟ್ಟು ಬಿತ್ತನೆಯನ್ನು ಬಣ್ಣದಲ್ಲಿ ತೋರಿಸಿದರೆ ಚಳ್ಳಕೆರೆಯಂಥ ದೊಡ್ಡ ತಾಲ್ಲೂಕು ಯಾವಾಗಲೂ ಗಾಢವಾಗಿಯೇ ಕಾಣುತ್ತದೆ. ಹೆಕ್ಟೇರಿಗೆ ಎಷ್ಟು, ವಾಡಿಕೆಗಿಂತ ಶೇಕಡಾ ಎಷ್ಟು ಎಂಬಂಥ ಪ್ರಮಾಣಗಳನ್ನೇ ನಕ್ಷೆಗೆ ಕೊಡಿ. ಆರು ತಾಲ್ಲೂಕುಗಳ ಹೋಲಿಕೆಗಷ್ಟೇ ಆದರೆ ದೊಡ್ಡದರಿಂದ ಚಿಕ್ಕದಕ್ಕೆ ಇಳಿಸಿದ ಬಾರ್ ಚಾರ್ಟು ನಕ್ಷೆಗಿಂತ ಬೇಗ ಓದಿಸಿಕೊಳ್ಳುತ್ತದೆ.

ಕನ್ನಡದ ಅಂಕಿಗೆ ಬೇಕಾದ ಎಚ್ಚರ

ಹಳೆಯ ನುಡಿ ಫಾಂಟಿನಲ್ಲಿ ತುಂಬಿದ ಶೀಟುಗಳು ಕಚೇರಿಗಳಲ್ಲಿ ಇನ್ನೂ ಬೇಕಾದಷ್ಟಿವೆ. ಎಕ್ಸೆಲ್‌ನಲ್ಲಿ ಆ ಫಾಂಟ್ ಇರುವವರೆಗೆ ಕನ್ನಡವಾಗಿ ಕಾಣುವ ಅಕ್ಷರಗಳು ಲುಕರ್ ಸ್ಟುಡಿಯೋಗೋ ಪವರ್ ಬಿಐಗೋ ಹೋದ ಕೂಡಲೇ ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗುತ್ತವೆ. ಅವನ್ನು ಎಲ್ಲ ತಂತ್ರಾಂಶಗಳಿಗೂ ತಿಳಿಯುವ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಕನ್ನಡ ಇರುವ ಕಾಲಂಗಳನ್ನು ಮಾತ್ರ ಪರಿವರ್ತಕಕ್ಕೆ ಹಾಕಿ. ಇಡೀ ಶೀಟ್ ಹಾಕಿದರೆ ಇಂಗ್ಲಿಷ್‌ನಲ್ಲಿದ್ದ ಹೆಸರು, ಕೋಡ್‌ಗಳೂ ಕೆಡುತ್ತವೆ. ಪವರ್ ಬಿಐನಲ್ಲಿ ನಿರ್ಮಲಾ ಯುಐ ಫಾಂಟ್ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ.

ಯೂನಿಕೋಡ್ ಆದ ಮೇಲೂ ಒಂದು ತೊಡಕು ಉಳಿಯುತ್ತದೆ. ‘ಅಕ್ಟೋಬರ್’ ಎಂಬುದರ ಕೊನೆಗೆ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಪರದೆಯಲ್ಲಿ ಎರಡೂ ಒಂದೇ, ಸ್ಲೈಸರ್‌ನಲ್ಲಿ ಎರಡು ಅಕ್ಟೋಬರ್. ಸಬ್‌ಸ್ಟಿಟ್ಯೂಟ್ ಫಂಕ್ಷನ್‌ನಲ್ಲಿ ಯುನಿಚಾರ್ 8204 ಅನ್ನು ಖಾಲಿಗೆ ಬದಲಿಸಿದರೆ ಅದು ಹೋಗುತ್ತದೆ. ಯುನಿಚಾರ್ 8205ಕ್ಕೂ ಹಾಗೇ ಮಾಡಿ. ಚನ್ನಗಿರಿ–ಚೆನ್ನಗಿರಿ, ಮೊಳಕಾಲ್ಮೂರು–ಮೊಳಕಾಲ್ಮುರು ಎಂಬ ಬರವಣಿಗೆಯ ವ್ಯತ್ಯಾಸಕ್ಕೆ ಫಂಕ್ಷನ್ ಇಲ್ಲ. ಸರ್ಕಾರದ ಸ್ಥಳೀಯ ಆಡಳಿತ ಕೋಶದ ಎಲ್‌ಜಿಡಿ ಕೋಡ್ ಅನ್ನು ಪ್ರತಿ ತಾಲ್ಲೂಕಿಗೂ ಕೊಟ್ಟು, ಜೋಡಣೆಯೆಲ್ಲ ಆ ಕೋಡಿನ ಮೇಲೆ ನಡೆಯಲಿ. ಹೆಸರು ತೋರಿಸುವುದಕ್ಕೆ ಮಾತ್ರ ಇರಲಿ.

ಸಿದ್ಧವಾದ ಮೇಲೆ ತಾಲ್ಲೂಕು ಫಿಲ್ಟರ್ ತೆರೆದು ಎಣಿಸಿ. ದಾವಣಗೆರೆ ಜಿಲ್ಲೆಗೆ ದಾವಣಗೆರೆ, ಹರಿಹರ, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಎಂದು ಆರೇ ಬರಬೇಕು, ಚಿತ್ರದುರ್ಗಕ್ಕೂ ಆರೇ. ಏಳನೆಯದು ಕಂಡರೆ ಬರವಣಿಗೆ ತಪ್ಪಿರಬಹುದು, ಇಲ್ಲವೇ 2018ಕ್ಕಿಂತ ಹಿಂದಿನ ಸಾಲುಗಳಲ್ಲಿ ಹರಪನಹಳ್ಳಿ ಉಳಿದಿರಬಹುದು. ಆ ವರ್ಷ ಅದು ದಾವಣಗೆರೆಯಿಂದ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಹಳೆಯ ವರ್ಷಗಳ ಜೊತೆ ಹೋಲಿಸುವ ಚಾರ್ಟ್‌ಗಳಲ್ಲಿ ಅದನ್ನು ಜಿಲ್ಲೆಯ ಮೊತ್ತದಿಂದ ತೆಗೆದು, ತೆಗೆದಿದ್ದೇವೆಂದು ಚಾರ್ಟಿನ ಕೆಳಗೇ ಒಂದು ಸಾಲು ಬರೆಯಿರಿ.